ದೇವಿದಾಸನಿಗೆ ಓಣಿ ನುಡಿದ ಸಾಕ್ಷಿ

ದೇವಿದಾಸ ಬಾಯಿ ಬಿಡದೆ ಇದ್ದದ್ದೇ ಇಷ್ಟಕ್ಕೆಲ್ಲ ಕಾರಣ. ನೌಕರಿ ಕೈಗೆ ಬರುವ ತನಕ ಯಾರ ಮುಂದೆಯೂ ಹೇಳಬಾರದು, ಹೇಳಿದರೆ ದೃಷ್ಟಿ ತಾಗುತ್ತದೆ ಎಂದು ತಾಯಿ ಕಲಿಸಿದ್ದಳು. ಅವಳು ತೀರಿ ಎರಡು ವರ್ಷವಾಗಿದ್ದರೂ ಮಾತು ಮಾತ್ರ ಅವನ ತಲೆಯಲ್ಲಿ ಬಾಡಿಗೆ ಕೊಡದೆ ವಾಸವಾಗಿತ್ತು. ಇಷ್ಟಕ್ಕೂ ಹೇಳುವುದಾದರೂ ಯಾರ ಮುಂದೆ? ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಮನೆ. ಹಗಲೆಲ್ಲ ಕಿಟಕಿಯ ಸರಳುಗಳಿಗೆ ಬೆಸುಗೆ ಹಾಕುವುದು, ಸಂಜೆ ಸ್ಟೋವಿನ ಮೇಲೆ ಅನ್ನ ಮಾಡಿ, ಗೋಡೆಗೆ ಮುಖ ಮಾಡಿ ಕೂತು ಉಣ್ಣುವುದು. ಅವನು ದಿನವಿಡೀ ಆಡಿದ ಮಾತನ್ನೆಲ್ಲ ಸೇರಿಸಿದರೆ ಚಹಾದ ಬಸಿ ತುಂಬುತ್ತಿರಲಿಲ್ಲ.

ನೌಕರಿ ಇದ್ದದ್ದು ಹುಮನಾಬಾದಿನಲ್ಲಿ. ಮಿಲಿಟರಿ ಶೆಡ್ಡುಗಳಿಗೆ ಕಬ್ಬಿಣದ ಬಾಗಿಲು ಮಾಡಿಕೊಡುವ ಹೈದರಾಬಾದಿನ ಗುತ್ತಿಗೆದಾರನೊಬ್ಬ ಅಲ್ಲಿ ಕಾರ್ಖಾನೆ ಹಾಕಿದ್ದ. ಅದು ತೊಂಬತ್ತೆಂಟರ ಬೇಸಿಗೆ. ಪೋಖರಣದ ಅಣುಬಾಂಬಿನ ಸುದ್ದಿ ಕೇಳಿ ಊರೆಲ್ಲ ಎದೆ ಉಬ್ಬಿಸಿಕೊಂಡು ತಿರುಗುತ್ತಿತ್ತು. ಆದರೆ ದೇವಿದಾಸನಿಗೆ ಬೇಕಾಗಿದ್ದದ್ದು ದೇಶಸೇವೆಯೂ ಅಲ್ಲ, ಸಂಬಳವೂ ಅಲ್ಲ. ಪರೀಕ್ಷೆಗೆ ಹೋದ ದಿನ ಬೆಸುಗೆ ಹಾಕಿ ತೋರಿಸಿದ ಮೇಲೆ ಅವನನ್ನು ಮೆಸ್ಸಿಗೆ ಊಟಕ್ಕೆ ಕಳಿಸಿದ್ದರು. ಉದ್ದನೆಯ ಪಂಗತಿ, ಎದುರುಬದುರು ಮಂದಿ. ಪಕ್ಕದಲ್ಲಿದ್ದ ಯಾರೋ ಒಬ್ಬ, “ನಾಚಬ್ಯಾಡೋ ತಮ್ಮಾ, ಇನ್ನೊಂದ್ ರೊಟ್ಟಿ ಹಾಕ್ಕೋ” ಅಂದ. ದೇವಿದಾಸ ಹೊಟ್ಟೆ ತುಂಬಿದ್ದರೂ ಇನ್ನೊಂದು ಹಾಕಿಸಿಕೊಂಡ. ಸಂಬಳ ಎಷ್ಟು ಎಂದು ಕೇಳುವುದನ್ನೂ ಮರೆತು ಬಂದ.

ಹೊರಡುವಾಗ ಕಾರ್ಖಾನೆಯ ಕಾವಲಿನ ಮುಖ್ಯಸ್ಥ, ಸೈನ್ಯದಿಂದ ನಿವೃತ್ತನಾದ, ಎಡಗಿವಿ ಅರ್ಧ ಹೋದ ಹವಾಲ್ದಾರ ಬಕ್ಕಪ್ಪ ಒಂದು ಮಾತು ಹೇಳಿದ್ದ: “ಮಿಲಿಟರಿ ಕೆಲಸ ಅದ. ನಿಮ್ಮ ಓಣಿಗಿ ಬಂದು ನೀ ಎಂಥಾ ಮನಶಾ ಅಂತ ಕೇಳ್ತೀನಿ. ಹೋದ ವರ್ಷ ಒಬ್ಬಾಂವ ಮೆಸ್ಸಿನ್ಯಾಗ ಬ್ಯಾಳಿ ನೀರಾಗ್ಯದ ಅಂತ ಗೇಟಿನ ಮುಂದ ಮಂದಿ ಕೂಡಿಸಿದ್ದ. ಅವತ್ತಿನಿಂದ ಮಾಲಕರು ಭಾಳ ಹುಷಾರ್ ಆಗ್ಯಾರ.”

ಅದಾಗಿ ಒಂದು ವಾರಕ್ಕೆ, ಮಧ್ಯಾಹ್ನ ಊಟಕ್ಕೆಂದು ದೇವಿದಾಸ ಓಣಿಯ ತಿರುವಿಗೆ ಬಂದಿದ್ದನಷ್ಟೆ. ಎದುರುಮನೆಯ ಗಯಾಬಾಯಿ ಅವನ ರಟ್ಟೆ ಹಿಡಿದು ಒಳಗೆಳೆದು, ಜೋಳದ ಚೀಲಗಳ ಹಿಂದೆ ನೂಕಿದಳು.

“ಏನ್ರಿ ಬಾಯಿ, ಏನಾತು?”

“ಬಾಯಿ ಮುಚ್ಚು! ಪೊಲೀಸ ಬಂದಾನ, ಸಾದಾ ಡ್ರೆಸ್‌ನ್ಯಾಗ. ನಿನ್ನ ಹೆಸರು ಹಿಡದು ಕೇಳಾಕತ್ತಾನ. ಏನ್ ಮಾಡಿ ಬಂದೀಯೋ ಪುಣ್ಯಾತ್ಮಾ?”

ಇರುವೆ ತುಳಿದರೂ ಕ್ಷಮೆ ಕೇಳುವಂಥ ದೇವಿದಾಸ ತಾನು ಏನು ಮಾಡಿರಬಹುದೆಂದು ನೆನಪಿಸಿಕೊಳ್ಳುತ್ತ ಬೆವರಿದ. ಪೊಲೀಸರೆಂದರೆ ಯಾರಿಗೆ ತಾನೆ ಹೆದರಿಕೆಯಿಲ್ಲ? ಚೀಲದ ಹಿಂದೆ ಉಸಿರು ಬಿಗಿಹಿಡಿದು ಕೂತ.

ಹೊರಗೆ ಓಣಿ ತನ್ನ ಹಳೆಯ ಧರ್ಮ ಪಾಲಿಸುತ್ತಿತ್ತು. ಐವತ್ತು ವರ್ಷದ ಹಿಂದೆ, ನಿಜಾಮನ ರಜಾಕಾರರ ಹಾವಳಿಯ ಕಾಲದಲ್ಲಿ, ಬಟ್ಟೆ ಅಂಗಡಿಯ ಮಹಾರುದ್ರಪ್ಪನ ಅಪ್ಪ ಗೋರ್ಟಾ ಹಳ್ಳಿಯಿಂದ ಓಡಿ ಬಂದಾಗ, ಟೆಂಪೋ ಓಡಿಸುವ ಅಬ್ದುಲ್ ಕರೀಮನ ಅಪ್ಪ ಅವನನ್ನು ಮನೆಯಲ್ಲಿಟ್ಟುಕೊಂಡು, ಹುಡುಕಿ ಬಂದವರಿಗೆ “ಮಾಲೂಮ್ ನೈ” ಎಂದು ಕಾಪಾಡಿದ್ದ. ಅಂದಿನಿಂದ ಇಂದಿನವರೆಗೆ, ಬೂಟು ಹಾಕಿದವರು ಬಂದು ಯಾರ ಹೆಸರು ಕೇಳಿದರೂ ಆ ಓಣಿಯಲ್ಲಿ ಉತ್ತರ ಒಂದೇ: ಗೊತ್ತಿಲ್ಲ.

“ದೇವಿದಾಸನಾ? ಗೊತ್ತಿಲ್ರಿ,” ಎಂದ ಮಹಾರುದ್ರಪ್ಪ.

“ಮಾಲೂಮ್ ನೈ ಸಾಬ್. ಆ ಹೆಸರಿನಾಂವನ್ನ ನಾ ನೋಡೇ ಇಲ್ಲ,” ಎಂದ ಕರೀಂ.

“ಆ ಖೋಲಿ ಖಾಲಿ ಬಿದ್ದದ್ರಿ,” ಎಂದು ಗಯಾಬಾಯಿ ಹೊಸ್ತಿಲಿನಿಂದಲೇ ಸೇರಿಸಿದಳು.

ಬೂಟಿನ ಸಪ್ಪಳ ದೂರವಾಯಿತು. ದೇವಿದಾಸ ಮೈಗೆಲ್ಲ ಜೋಳದ ಧೂಳು ಮೆತ್ತಿಕೊಂಡು ಹೊರಗೆ ಬಂದ. “ನೋಡಾಕ ಹ್ಯಾಂಗಿದ್ದ?”

“ಕಂದು ಬೂಟು. ಎಡಗಿವಿ ಅರ್ಧಾ ಇಲ್ಲ,” ಎಂದ ಕರೀಂ.

“ಅಯ್ಯೋ! ಅಂವಾ ಪೊಲೀಸ ಅಲ್ರಿ, ಬಕ್ಕಪ್ಪ ಹವಾಲ್ದಾರ! ನನ್ನ ನೌಕರೀದ ಚೌಕಶಿಗಿ ಬಂದಿದ್ದ!”

ಓಣಿಗೆ ಓಣಿಯೇ ನಾಲಿಗೆ ಕಚ್ಚಿಕೊಂಡಿತು. ಬಸ್ ಸ್ಟ್ಯಾಂಡಿಗೆ ಓಡಿ ನೋಡಿದರೆ ಹುಮನಾಬಾದಿನ ಬಸ್ಸು ಹೋಗಿಯಾಗಿತ್ತು. ಆಗ ಮಹಾರುದ್ರಪ್ಪ ಅಂಗಡಿಯ ಶಟರ್ ಎಳೆದ. “ಕೆಡಸಿದವರು ನಾವು. ನಾವೇ ಹೋಗಿ ಹೇಳಮು. ಕರೀಂಭಾಯಿ, ಗಾಡಿ ತೆಗಿ!”

“ನಾ ಒಬ್ಬನೇ ಹೋಗಿ ಹೇಳ್ತೀನ್ರಿ,” ಎಂದ ದೇವಿದಾಸ.

“ನಿನ್ನ ಬಗ್ಗೆ ನೀನೇ ಹೇಳಿದ್ರ ಯಾರು ಕೇಳ್ತಾರ? ಸುಮ್ಮ ಹತ್ತು!” ಎಂದ ಮಹಾರುದ್ರಪ್ಪ.

ಟೆಂಪೋ ಹೊರಟಿತು. ಸಾಕ್ಷಿಗೆ ಮೂವರು ಸಾಕಿತ್ತು. ಇಪ್ಪತ್ತು ಮಂದಿ ಹತ್ತಿದ್ದರು. ಕೆಲವರಿಗೆ ಎಲ್ಲಿಗೆ ಹೋಗುತ್ತಿದ್ದೇವೆಂಬುದೂ ಗೊತ್ತಿರಲಿಲ್ಲ, ಜಾಗ ಇತ್ತೆಂದು ಹತ್ತಿದ್ದರು. ಸಸ್ತಾಪುರ ದಾಟಿ ಹೈವೇ ಹಿಡಿದಾಗ ಗಯಾಬಾಯಿ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಹಂಚಿದಳು. ದೇವಿದಾಸನ ಕೈಗೆ ಎರಡು ಬಂದವು.

“ದಿನಾ ಗ್ವಾಡಿಗಿ ಮಾರಿ ಮಾಡಿ ಉಣ್ಣೂದು ನೋಡ್ತೀನಪಾ,” ಎಂದಳು. “ಕರದ್ರ ಬರ್ತಿಯೋ ಇಲ್ಲೋ ಅಂತ ಕರೀಲಿಲ್ಲ.”

“ಕರೀತೀರೇನೋ ಅಂತ ನಾನೂ ಬಾಗಿಲಾ ತೆರದೇ ಇಡ್ತಿದ್ದೆ ಬಾಯಿ,” ಎಂದ ದೇವಿದಾಸ.

ಗಯಾಬಾಯಿ ಇನ್ನೊಂದು ರೊಟ್ಟಿ ಅವನ ಕೈಗಿಟ್ಟಳು. ಟೆಂಪೋ ಕುಲುಕಿದಾಗ ಹತ್ತು ಭುಜಗಳು ಅವನ ಭುಜಕ್ಕೆ ತಾಗಿದವು. ಹುಮನಾಬಾದು ಇನ್ನೂ ಸ್ವಲ್ಪ ದೂರ ಇರಬಾರದೇ ಎನ್ನಿಸಿತು ಅವನಿಗೆ.

ಗೇಟಿನ ಮುಂದೆ ಇಳಿದದ್ದೇ ತಡ, ಎಲ್ಲರೂ ಒಟ್ಟಿಗೆ ಕೂಗತೊಡಗಿದರು. “ಹವಾಲ್ದಾರ್‌ ಸಾಬ್! ದೇವಿದಾಸ ನಮ್ಮಾಂವ! ಬಂಗಾರದಂಥ ಹುಡುಗ!” ಯಾವುದಕ್ಕೆ ಬಂದಿದ್ದೇವೆಂದು ತಿಳಿಯದವನೊಬ್ಬ ಉತ್ಸಾಹ ತಡೆಯಲಾರದೆ “ಜಿಂದಾಬಾದ್!” ಎಂದೂ ಅಂದ. ಮೇಲಿನ ಕಿಟಕಿಯ ಪರದೆ ಸರಿದು, ಮಾಲಕನ ಮುಖವೊಂದು ಕಂಡು, ಪರದೆ ಮತ್ತೆ ಮುಚ್ಚಿತು.

ಬಕ್ಕಪ್ಪ ಹೊರಗೆ ಬಂದ. ಮಹಾರುದ್ರಪ್ಪ ಕೈ ಮುಗಿದು ನಡೆದದ್ದನ್ನೆಲ್ಲ ಹೇಳಿದ. ಬಕ್ಕಪ್ಪ ಪೂರ್ತಿ ಕೇಳಿದ. ಆಮೇಲೆ ದೇವಿದಾಸನನ್ನು ಪಕ್ಕಕ್ಕೆ ಕರೆದ.

“ಯಾಕ ಕರ್ಕೊಂಡು ಬಂದ್ಯೋ ತಮ್ಮಾ ಇವರನ್ನ?”

“ನನ್ನ ಗುರುತೇ ಇಲ್ಲ ಅಂದಿದ್ರಲ್ರಿ. ಅದನ್ನ ಸರಿ ಮಾಡಾಕ...”

“ಅದು ಸರೀನೇ ಇತ್ತಲ್ಲೋ! ಓಣ್ಯಾಗ ಇಂವನ್ನ ಯಾರೂ ಅರಿಯಂಗಿಲ್ಲ, ಇಂವಗ ಹಿಂದಿಲ್ಲ ಮುಂದಿಲ್ಲ ಅಂತ ಈಗಷ್ಟೇ ಮಾಲಕರಿಗಿ ಹೇಳಿ ಬಂದಿದ್ದೆ. ಅವರು ಖುಷ್ ಆಗಿ, ಇಂಥಾವನೇ ಬೇಕಿತ್ತು, ನಾಳಿನಿಂದ ಬರ್ಲಿ ಅಂದಿದ್ರು.”

ದೇವಿದಾಸ ಮೇಲಿನ ಕಿಟಕಿಯತ್ತ ನೋಡಿದ. “ಈಗ್ರಿ?”

“ಈಗೇನು? ಕಿಟಕ್ಯಾಗ ನೋಡ್ಯಾರ. ಕೆಲಸಕ್ಕ ಸೇರೂ ಮೊದಲೇ ಗೇಟಿನ ಮುಂದ ಇಪ್ಪತ್ತು ಮಂದಿ ಕೂಡಿಸಿದಾಂವ, ನಾಳಿ ಬ್ಯಾಳಿ ನೀರಾದ್ರ ಏನ್ ಮಾಡ್ಯಾನು ಅಂತಾರ. ನಾ ಏನ್ ಹೇಳ್ಲಿ?”

ಒಳಗಿನಿಂದ ಮೆಸ್ಸಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಬಕ್ಕಪ್ಪ ಗೇಟು ಎಳೆದುಕೊಂಡ.

ಟೆಂಪೋ ವಾಪಸು ಹೊರಟಿತು. ಓಣಿಯಲ್ಲಿ ಇಳಿದವರು ದೇವಿದಾಸನ ಮುಖ ನೋಡುವ ಧೈರ್ಯವಿಲ್ಲದೆ ಒಬ್ಬೊಬ್ಬರಾಗಿ ತಮ್ಮ ಮನೆ ಹೊಕ್ಕು ಬಾಗಿಲು ಹಾಕಿಕೊಂಡರು. ಉರಿ ಬೇಸಿಗೆಯಲ್ಲಿ ಆ ಓಣಿಯ ಬಾಗಿಲುಗಳು ಅಷ್ಟು ಬೇಗ ಮುಚ್ಚಿದ್ದು ಅದೇ ಮೊದಲು.

ಸಂಜೆ ಅವನ ಹೊಸ್ತಿಲ ಮೇಲೆ ಮುಚ್ಚಿಟ್ಟ ತಾಟೊಂದು ಕಂಡಿತು. ನಾಲ್ಕು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಇಟ್ಟು ಹೋದವರು ಯಾರೆಂದು ಹಿಂಡಿಯ ವಾಸನೆಯೇ ಹೇಳುತ್ತಿತ್ತು. ದೇವಿದಾಸನಿಗೆ ಸಿಟ್ಟಿರಲಿಲ್ಲ. ನೌಕರಿ ಹೋಗಿತ್ತು ನಿಜ. ಆದರೆ ಪಂಗತಿ ಎದುರುಮನೆಯಲ್ಲೇ ಇದೆಯಲ್ಲ ಎನ್ನಿಸಿತು. ತಲೆ ಬಾಚಿಕೊಂಡು, ತಾಟು ಎತ್ತಿಕೊಂಡು, ಹುಟ್ಟಿದಾಗಿನಿಂದ ಮೊದಲ ಸಲ ತಾನಾಗಿ ಹೋಗಿ ಇನ್ನೊಬ್ಬರ ಬಾಗಿಲು ಬಡಿದ. “ಗಯಾಬಾಯಿ ಅದಾರೇನ್ರಿ?” ಎಂದ.

ಒಳಗೆ ಪಿಸುಪಿಸು ಕೇಳಿಸಿತು. ದೀಪ ಆರಿತು. ಆಮೇಲೆ ಗಯಾಬಾಯಿ ಬಾಗಿಲಿನ ಆಚೆಯಿಂದ ದನಿ ಬದಲಿಸಿ ಹೇಳಿದಳು:

“ಗಯಾಬಾಯಿನಾ? ಗೊತ್ತಿಲ್ರಿ.”

ದೇವಿದಾಸ ಕರೀಮನ ಮನೆಯತ್ತ ನೋಡಿದ. ಅಲ್ಲಿಯೂ ದೀಪ ಆರಿತು. ಅವನು ತಾಟು ಹಿಡಿದು ಕೋಣೆಗೆ ಮರಳಿ, ಬಾಗಿಲು ತೆರೆದೇ ಇಟ್ಟು, ಗೋಡೆಗೆ ಮುಖ ಮಾಡಿ ಕೂತ.