ಬಿಂದುಮಾಧವ ಮಾಸ್ತರರ ಕಸೂತಿ

ಬಿಂದುಮಾಧವ ಮಾಸ್ತರರು ತಮ್ಮ ಐವತ್ತೆರಡು ವರ್ಷದ ಆಯುಷ್ಯದಲ್ಲಿ ಬರೆದ ಸುಳ್ಳು ಒಂದೇ ಒಂದು. ಅದೂ ಒಂದೇ ಶಬ್ದದ್ದು: 'ಬರುತ್ತದೆ.'

ಧಾರವಾಡದ ಪಂಢರಿನಾಥ ವಕೀಲರು ತಮ್ಮ ಮೂರನೆಯ ಮಗನಿಗೆ ಹೆಣ್ಣು ಹುಡುಕುತ್ತಿದ್ದರು. ಹುಬ್ಬಳ್ಳಿ ಕಮರಿಪೇಟೆಯ ಬಿಂದುಮಾಧವ ಮಾಸ್ತರರ ಮಗಳು ರಜನಿಯ ಜಾತಕ ಚೆನ್ನಾಗಿ ಕೂಡಿ ಬಂದಿತ್ತು. ವಕೀಲರು ರೂಢಿಯಂತೆ ಅಂಕಿ ಹಾಕಿ ನಾಲ್ಕು ಪ್ರಶ್ನೆ ಬರೆದು ಕಳಿಸಿದರು. ಹುಡುಗಿಗೆ ಹಾಡು ಬರುತ್ತದೋ? ಮಾಸ್ತರರು 'ಇಲ್ಲ' ಎಂದು ಬರೆದರು. ಅಡಿಗೆ? 'ಉಂಡವರು ಬದುಕಿದ್ದೇವೆ.' ಎತ್ತರ? 'ನನಗಿಂತ ಎರಡು ಬೆರಳು ಹೆಚ್ಚು.' ಇಷ್ಟು ಬರೆಯುವಷ್ಟರಲ್ಲಿ ಅವರಿಗೆ ತಮ್ಮ ಮೇಲೆ ತಮಗೇ ಮರುಕ ಬಂತು. ನಾಲ್ಕನೆಯ ಪ್ರಶ್ನೆ, ಕಸೂತಿ ಬರುತ್ತದೋ ಅಂತ. ಸತ್ಯವಂತನಾದರೇನು, ಹೆಣ್ಣು ಹೆತ್ತವನಲ್ಲವೇ? 'ಬರುತ್ತದೆ' ಎಂದು ಬರೆದು, ಎರಡನೇ ಸಲ ಓದದೆ ಲಕೋಟೆ ಅಂಟಿಸಿಬಿಟ್ಟರು.

ರಜನಿ ಮ್ಯಾಟ್ರಿಕ್ ಪಾಸಾದ ಹುಡುಗಿ. ಓಣಿಯವರ ಗಡಿಯಾರ ಕೆಟ್ಟರೆ ಬಿಚ್ಚಿ ಜೋಡಿಸಿಕೊಡುತ್ತಿದ್ದಳು. ಆದರೆ ಸೂಜಿಗೂ ಅವಳಿಗೂ ಎಣ್ಣೆ ಸೀಗೇಕಾಯಿ. ಅಪ್ಪನ ಕೋಟಿನ ಗುಂಡಿ ಬಿದ್ದರೆ ಪಿನ್ನು ಚುಚ್ಚಿ ಸಾಲೆಗೆ ಕಳಿಸುವವಳು ಅವಳೇ.

ಶನಿವಾರ ಸಂಜೆ ವಕೀಲರ ಉತ್ತರ ಬಂತು. 'ನಾಳೆ ಆದಿತ್ಯವಾರ ಸಂಜೆ ಐದಕ್ಕೆ ಸಪತ್ನೀಕನಾಗಿ ಬರುತ್ತೇನೆ. ಹುಡುಗಿ ಹಾಕಿದ ಕಸೂತಿ ತೋರಿಸುವ ಕೃಪೆ ಆಗಬೇಕು.'

"ಖರೇ ಹೇಳಿಬಿಡೂಣಪಾ" ಅಂದಳು ರಜನಿ.

"ಖರೇ ಹೇಳೇ ನಾಲ್ಕು ಸಂಬಂಧ ಕೈ ಬಿಟ್ಟು ಹೋದ್ವು" ಎಂದರು ತಾಯಿ ಗೋದಾಬಾಯಿ. "ಇದೂ ಹೋತಂದ್ರ ಓಣ್ಯಾಗ ತಲಿ ಎತ್ತಿ ತಿರುಗೂಹಂಗಿಲ್ಲ. ರೀ, ದುರ್ಗದಬೈಲಿನ ಹತ್ರ ಸ್ವದೇಶಿ ಪ್ರದರ್ಶನ ಹಾಕ್ಯಾರಂತ. ಕೈಕೆಲಸದ ಸಾಮಾನು ರಾಶಿ ಬಂದದ. ಬೆಳಿಗ್ಗೆ ಎದ್ದು ಹೋಗಿ ಒಂದು ಕಸೂತಿ ತಂದುಬಿಡ್ರಿ. ಯಾರ ಕಣ್ಣಿಗೂ ಬೀಳಬ್ಯಾಡ್ರಿ."

ಹುಬ್ಬಳ್ಳಿಯಲ್ಲಿ ಇಪ್ಪತ್ತೆಂಟು ವರ್ಷ ಮಾಸ್ತರಿಕೆ ಮಾಡಿದ ಮನುಷ್ಯ ಯಾರ ಕಣ್ಣಿಗೂ ಬೀಳದೆ ದುರ್ಗದಬೈಲು ದಾಟುವುದು ಹೇಗೆ? ಆದರೂ ಮಾಸ್ತರರು ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡು ಹೊರಟರು.

ಹೆಣ್ಣುಮಕ್ಕಳ ಸಾಲೆಯ ಕಟ್ಟಡಕ್ಕೆ ನೆರವಾಗಲೆಂದು ಮಹಿಳಾ ಮಂಡಳಿಯವರು ನಡೆಸಿದ ಪ್ರದರ್ಶನ ಅದು. ಒಂದು ಸಾಲಿನಲ್ಲಿ ಕೌದಿ, ಖಾದಿ, ಮಣಿ ಪೋಣಿಸಿದ ಗಿಳಿ. ಇನ್ನೊಂದು ಸಾಲಿನಲ್ಲಿ ವಾಡೆಗಳಿಂದ ಹೊರಬಿದ್ದ ಹಳೇ ಸಾಮಾನು. ಹಳೇ ಸಾಮಾನಿನ ಬಾಬುಸಾಬ ತಳ ಹೋದ ಹಂಡೆ, ಮುಳ್ಳಿಲ್ಲದ ಗಡಿಯಾರ ಮುಂದಿಟ್ಟುಕೊಂಡು ನವಾಬನಂತೆ ಕೂತಿದ್ದ. ಅವನ ಎದುರಿಗೇ ಶರಣವ್ವನ ಕಸೂತಿ ಅಂಗಡಿ. ಮಾಸ್ತರರು ಅತ್ತಿತ್ತ ನೋಡಿ, ನವಿಲು ಹಾಕಿದ ಒಂದು ಬಟ್ಟೆಯ ಚೌಕ ಎತ್ತಿಕೊಂಡರು.

"ಎಷ್ಟವಾ?"

"ಎರಡೂವರಿ ರೂಪಾಯಿರಿ. ಚೌಕಾಶಿ ಮಾಡೂಹಂಗಿಲ್ರಿ, ಮಂಡಳಿಯವ್ರು ಬೋರ್ಡ ಹಾಕ್ಯಾರ" ಎಂದಳು ಶರಣವ್ವ. "ಹಿಂದ ಮುಂದ ನೋಡ್ರಿ ಬೇಕಾರ. ಒಂದಾದ್ರೂ ಗಂಟು ಸಿಕ್ರ ಪುಕ್ಕಟ ಒಯ್ಯಿರಿ."

ಮಾಸ್ತರರು ರೊಕ್ಕ ಕೊಟ್ಟು, ಚೌಕವನ್ನು ಇನ್ನೇನು ಮಡಿಸಬೇಕು, ಬೆನ್ನ ಮೇಲೆ ಧಪ್ಪನೆ ಒಂದು ಕೈ ಬಿತ್ತು.

"ಏನ್ರೀ ಮಾಸ್ತರ! ಹೆಂಗಸರ ಸಾಮಾನಿನ್ಯಾಗ ಏನ್ ನಡಿಸೀರಿ?"

ವೆಂಕಣ್ಣ ಮಾಸ್ತರ! ಅದೇ ಸಾಲೆ, ಅದೇ ಓಣಿ. ವೆಂಕಣ್ಣನ ಕಿವಿಗೆ ಬಿದ್ದದ್ದು ಡಂಗುರ ಹೊಡೆಸಿದ್ದಕ್ಕಿಂತ ಲಗೂ ಊರು ಮುಟ್ಟುತ್ತಿತ್ತು. ಅದಕ್ಕಿಂತ ಘಾತವೆಂದರೆ ಅವನ ತಂಗಿಯನ್ನು ಕೊಟ್ಟದ್ದು ಧಾರವಾಡದಲ್ಲಿ, ಪಂಢರಿನಾಥ ವಕೀಲರ ಪಕ್ಕದ ಮನೆಗೆ. ಕೊಂಡೆ ಎಂದರೆ ಮುಗಿಯಿತು.

"ಇದು... ನಮ್ಮ ರಜನಿ ಹಾಕಿದ್ದು" ಎಂದರು ಮಾಸ್ತರರು. "ಸಾಲಿ ಕಟ್ಟಡಕ್ಕ ಸಹಾಯ ಆಗ್ಲಿ ಅಂತ... ಮಾರ್ಲಿಕ್ಕೆ ತಂದೀನಿ."

ಒಂದು ಸುಳ್ಳಿಗೆ ಇನ್ನೊಂದು ಜೊತೆಯಾಯಿತು.

"ಅಯ್ಯ! ರಜನಿ ಹಾಕಿದ್ದು ಅಂದಮ್ಯಾಲೆ ಮಂದಿ ಮನಿಗೆ ಯಾಕ ಹೋಗಬೇಕು? ನಾ ಇಲ್ಲೇನು?" ವೆಂಕಣ್ಣ ಚೌಕವನ್ನು ಕಸಿದುಕೊಂಡ. "ಮನೀಯವ್ರ ಹತ್ರ ಏನ್ ದರ ಮಾತಾಡೂದು, ತಗೋರಿ ರೂಪಾಯಿ."

ಮಾಸ್ತರರ ಕೈಯಲ್ಲಿ ಒಂದು ರೂಪಾಯಿ ಉಳಿಯಿತು. ಅವರು ಮತ್ತೆ ಶರಣವ್ವನತ್ತ ತಿರುಗಿದರು.

"ಮತ್ಯಾಕ್ ಬಂದ್ರಿ? ಗಂಟು ಸಿಕ್ತೇನು?"

"ಇಲ್ಲವಾ. ಇನ್ನೊಂದು ಕೊಡು."

ಎರಡನೆಯದು ಗೋಪುರದ ಚೌಕ. ಅದನ್ನು ಕೋಟಿನೊಳಗೆ ತುರುಕುವಷ್ಟರಲ್ಲಿ ಅರಳೆ ವ್ಯಾಪಾರಿ ಶಾಂತಯ್ಯನವರು ತೇಕುತ್ತ ಬಂದರು. ವೆಂಕಣ್ಣ ಆಗಲೇ ಪ್ರದರ್ಶನದ ತುಂಬ ಸಾರಿಕೊಂಡು ಹೋಗಿದ್ದ.

"ಮಾಸ್ತರ್ರ, ನನ್ನ ಮಗಗ ಲೆಕ್ಕ ಕಲಿಸಿದವ್ರು ನೀವು. ನಿಮ್ಮ ಮಗಳ ಕೈಕೆಲಸ ನಾ ತಗೊಳ್ಳಿಲ್ಲಂದ್ರ ಶಿವ ಮೆಚ್ಚತಾನೇನ್ರಿ? ಕೋಟಿನ್ಯಾಗ ಮುಚ್ಚಿಡಬ್ಯಾಡ್ರಿ, ತಗೀರಿ. ಎರಡು ಬೇಕು ನನಗ."

ಮಾಸ್ತರರು ಇನ್ನೊಂದನ್ನು ಶರಣವ್ವನಿಂದ ಹೇಗೋ ಕಣ್ತಪ್ಪಿಸಿ ತಂದು ಒದಗಿಸಿದರು. ಶಾಂತಯ್ಯನವರು ಜಗ್ಗಾಡಿ ಜಗ್ಗಾಡಿ ಎರಡಕ್ಕೂ ಸೇರಿ ಮೂರು ರೂಪಾಯಿ ಕೊಟ್ಟು, ದೇಶಸೇವೆ ಮಾಡಿದೆನೆಂದು ಹಿಗ್ಗುತ್ತ ಹೋದರು.

ಮೂರನೆಯ ಸಲ ಮಾಸ್ತರರನ್ನು ಹಿಡಿದವರು ಮಂಡಳಿಯ ಅಧ್ಯಕ್ಷೆ ಗೌರಕ್ಕ. ಗೌರಕ್ಕನವರು ದನಿ ಎತ್ತಿದರೆ ಫೌಜದಾರನೂ ಎದ್ದು ನಿಲ್ಲುತ್ತಿದ್ದ.

"ಜಾಗಾ ತಗೊಳ್ಳದ ಮಾರೂಹಂಗಿಲ್ಲಂತ ನಿಯಮ ಐತಿ, ಗೊತ್ತಿಲ್ಲೇನ್ರಿ ಮಾಸ್ತರ?"

"ಮಗಳು... ಕಸೂತಿ..." ಎಂದು ಮಾಸ್ತರರು ತೊದಲಿದರು. ಗೌರಕ್ಕನವರ ಕಣ್ಣು ಒದ್ದೆಯಾದವು.

"ಇಂಥಾ ಮಗಳ ಕೆಲಸಾನ ತಂದಿ ಬಗಲಾಗಿಟ್ಟುಕೊಂಡು ಕಳ್ಳನಂಗ ಅಡ್ಡಾಡಬೇಕೇನ್ರಿ? ನಮ್ಮ ಮಂಡಳಿಗೆ ನಾಚಿಕಿಗೇಡು!"

ಐದು ನಿಮಿಷದಲ್ಲಿ ಬಾಬುಸಾಬನ ಪಕ್ಕಕ್ಕೆ ಮೇಜು ಬಂತು, ಮೇಜಿನ ಹಿಂದೆ ಮಾಸ್ತರರು ಬಂದರು, ತಲೆಯ ಮೇಲೆ 'ಕುಮಾರಿ ರಜನಿ ಅವರ ಕಸೂತಿ' ಎಂಬ ಹಲಗೆ ಬಂತು. ಮೇಜಿನ ಮೇಲೆ ಮಾತ್ರ ಏನೂ ಇರಲಿಲ್ಲ. ಗೌರಕ್ಕ ಆ ಕಡೆ ತಿರುಗಿದೊಡನೆ ಮಾಸ್ತರರು ಎದುರಿನ ಅಂಗಡಿಗೆ ಓಡಿ, ನಾಲ್ಕು ಚೌಕ ತಂದು ಹರವಿದರು. ಹಳೇ ವಿದ್ಯಾರ್ಥಿಗಳು ಬಂದರು, ಅವರ ತಾಯಂದಿರು ಬಂದರು. ಎದುರಿಗೇ ಇನ್ನೊಂದು ಕಸೂತಿ ಅಂಗಡಿ ಇದೆಯೆಂದು ಯಾರಿಗೂ ಕಾಣಲಿಲ್ಲ. ಮಾಸ್ತರರ ಮೇಜಿನ ಮುಂದೆ ಜಾತ್ರೆ ನೆರೆಯಿತು. ಖಾಲಿಯಾದಂತೆಲ್ಲ ಅವರು ಅಂಗಳ ದಾಟಿ ಎರಡೂವರೆಗೆ ತಂದು, ಮೇಜಿನ ಹಿಂದೆ ನಿಂತು ಒಂದೂವರೆಗೆ ಮಾರಿದರು.

ಶರಣವ್ವ ಒಂದು ಮಾತೂ ಕೇಳಲಿಲ್ಲ. ದೇವರು ಯಾವ ರೂಪದಲ್ಲಿ ಬರುತ್ತಾನೋ ಹೇಳಲು ಬರುವುದಿಲ್ಲ ಎಂಬಂತೆ, ಪ್ರತಿ ಸಲ ಕೈ ಮುಗಿದು ರೊಕ್ಕ ಇಸಿದುಕೊಂಡಳು.

ಬಾಬುಸಾಬನಿಗೆ ತಡೆಯಲಾಗಲಿಲ್ಲ. ಮೇಜಿನ ಹತ್ತಿರ ಸರಿದು ಪಿಸುಗುಟ್ಟಿದ: "ಮಾಸ್ತರ್ ಸಾಬ್, ಮೂವತ್ತು ವರ್ಷ ಆತು ನಾ ಧಂದೆ ಮಾಡಾಕತ್ತು. ಹೆಚ್ಚಿಗೆ ತಗೊಂಡು ಕಡಿಮಿಗೆ ಮಾರೂದು ಇವತ್ತ ನೋಡಿದೆ. ಇದರಾಗಿನ ಗುಟ್ಟು ನನಗಷ್ಟು ಹೇಳ್ರಿ. ಯಾರ ಮುಂದೂ ಬಾಯಿ ಬಿಡೂದಿಲ್ಲ, ಅಲ್ಲಾನ ಆಣಿ!"

ಗುಟ್ಟು ಮಾಸ್ತರರಿಗೂ ತಿಳಿದಿರಲಿಲ್ಲ.

ನಾಲ್ಕು ಗಂಟೆಗೆ ಶರಣವ್ವನ ಹತ್ತಿರ ಉಳಿದದ್ದು ಒಂದೇ, ಅಂಬಾರಿ ಹೊತ್ತ ಆನೆಯ ಚೌಕ. ಮಾಸ್ತರರು ಅದನ್ನು ಕೊಂಡು, ಅಂಗಿಯೊಳಗೆ ಎದೆಗವಚಿಕೊಂಡು, ಯಾರು ಕರೆದರೂ ತಿರುಗಿ ನೋಡದೆ ಟಾಂಗಾ ಹತ್ತಿದರು. ಶರಣವ್ವ ಖಾಲಿ ಗಂಟು ಕೊಡವಿ, ಮಂಡಳಿಯವರಿಗೂ ಕೈಮುಗಿದು ತನ್ನ ಊರಿನ ಗಾಡಿ ಹತ್ತಿದಳು.

ಐದಕ್ಕೆ ಸರಿಯಾಗಿ ಪಂಢರಿನಾಥ ವಕೀಲರೂ ಅವರ ಹೆಂಡತಿ ಕಾಶೀಬಾಯಿಯವರೂ ಬಂದರು. ಉಪ್ಪಿಟ್ಟಾಯಿತು, ಚಹಾ ಆಯಿತು. ರಜನಿ ಬಂದು ನಮಸ್ಕಾರ ಮಾಡಿದಳು. ಕೇಳಿದ್ದಕ್ಕೆ ಅಂಜದೆ ಉತ್ತರ ಕೊಟ್ಟಳು. ಗೋಡೆಯ ನಿಂತ ಗಡಿಯಾರವನ್ನು ವಕೀಲರು ನೋಡಿದಾಗ, "ನಿನ್ನೆ ಬಿಚ್ಚೀನ್ರಿ, ಒಂದು ತಿರಪು ಬರಬೇಕಾಗ್ಯದ" ಎಂದಳು. ಕಾಶೀಬಾಯಿಯವರ ಮುಖ ಅರಳಿತು. ಮಾಸ್ತರರ ಎದೆಯೊಳಗೆ ವಾಲಗ ಊದಿದಂತಾಯಿತು.

ಗೋದಾಬಾಯಿಯವರು ಆನೆಯ ಚೌಕ ತಂದು ಮುಂದಿಟ್ಟರು.

ಕಾಶೀಬಾಯಿ ಅದನ್ನು ಬೆಳಕಿಗೆ ಹಿಡಿದರು, ಹಿಂದೆ ಮುಂದೆ ತಿರುಗಿಸಿ ನೋಡಿದರು. "ಒಂದೂ ಗಂಟಿಲ್ಲ" ಎಂದು ಉಸಿರು ಬಿಟ್ಟರು. ಮೆಚ್ಚಿಗೆಯ ಉಸಿರು ಎಂದುಕೊಂಡರು ಮಾಸ್ತರರು.

ಅಷ್ಟರಲ್ಲಿ ಕರೆಯದೆ ಬರುವವರೆಲ್ಲ ಬಂದರು. ಮುಂದೆ ವೆಂಕಣ್ಣ, ಹಿಂದೆ ಶಾಂತಯ್ಯನವರು, ಅವರ ಹಿಂದೆ ಗೌರಕ್ಕ ಮತ್ತು ಓಣಿಯ ಹೆಂಗಸರು. ಎಲ್ಲರ ಕೈಯಲ್ಲೂ ಒಂದೊಂದು ಚೌಕ.

"ವಕೀಲ್ರ, ಇದೊಂದು ನೋಡಿ ಹುಡುಗೀನ್ನ ಅಳೀಬ್ಯಾಡ್ರಿ!" ವೆಂಕಣ್ಣ ತನ್ನ ನವಿಲನ್ನು ಬಿಡಿಸಿದ. "ಇವತ್ತು ಒಂದ ದಿನದಾಗ ಹದಿನಾಲ್ಕು ಮಾರ್ಯಾರ. ಹಗಲು ರಾತ್ರಿ ಸೂಜಿ ಬಿಟ್ಟಾಕೀನ ಅಲ್ಲ ಈಕಿ!"

"ಇಂಥಾ ಕೈ ನಮ್ಮ ಜಿಲ್ಲಾದಾಗ ಇಲ್ಲ" ಎಂದು ಗೌರಕ್ಕ ಮುದ್ರೆ ಒತ್ತಿದರು.

ಒಂದೊಂದು ಚೌಕ ಬಿಚ್ಚಿದಂತೆ ಕಾಶೀಬಾಯಿಯವರ ಮುಖ ಬಾಡುತ್ತ ಬಂತು. ಕೊನೆಗೆ ಅವರು ಸೆರಗು ಸರಿಪಡಿಸಿಕೊಂಡು ಎದ್ದರು. ವಕೀಲರೂ ಎದ್ದರು.

"ಬರ್ತೀವಿ ಮಾಸ್ತರ. ಹುಡುಗಿ ಭಾಳ ಛಲೋ. ಆದ್ರ ಋಣಾನುಬಂಧ ಇಲ್ಲ."

"ಯಾಕ್ರಿ? ಏನ್ ತಪ್ಪಾತು?" ಮಾಸ್ತರರು ಬಾಗಿಲಿಗೆ ಅಡ್ಡ ಬಂದು ನಿಂತರು.

"ನಿಮ್ಮ ಮುಂದ ಮುಚ್ಚಿಡೂದು ಏನದ" ಎಂದರು ಕಾಶೀಬಾಯಿ. "ನಮ್ಮ ಇಬ್ಬರು ಸೊಸ್ತ್ಯಾರಿಗೂ ಕಸೂತಿ ಹುಚ್ಚು. ಮುಂಜಾನೆ ಸೂಜಿ ಹಿಡದ್ರಂದ್ರ ಸಂಜಿ ಆಗೂದು ಗೊತ್ತಾಗೂದಿಲ್ಲ. ಆನಿಗೆ ಸೊಂಡಿ ಮೂಡತದ, ಒಲಿ ಮ್ಯಾಲಿನ ಹಾಲು ಉಕ್ಕಿ ಹೋಗತದ. ದೇವರ ಪಂಚೆಗೂ ನವಿಲು, ಇವರ ಕೋರ್ಟಿನ ಕೋಟಿಗೂ ನವಿಲು! ಇನ್ನೊಬ್ಬಾಕಿ ಬಂದ್ಲಂದ್ರ ನಾ ಕಾಶಿಗೆ ಹೋಗೂದೊಂದ ದಾರಿ."

"ಮತ್ತ... ಬರತದೋ ಅಂತ ಕೇಳಿದ್ರಲ್ರಿ?"

"ಬ್ಯಾಡ ಅಂತ ಬರದ್ರ ಎಲ್ಲಾರೂ ಬರೂದಿಲ್ಲ ಅಂತನ ಬರೀತಾರ" ಎಂದರು ವಕೀಲರು. "ಅದಕ್ಕ ಹಂಗ ಕೇಳಿದ್ವಿ. ಏಳು ಮನಿಯವರೂ 'ಬರುತ್ತದೆ' ಅಂದ್ರು. ನೀವು ಮೂರಕ್ಕ ಖರೇ ಬರದಿದ್ರಿ, ನಾಲ್ಕನೇದಾದ್ರೂ ಸುಳ್ಳು ಇದ್ದೀತು ಅಂತ ಆಶಾ ಇಟಗೊಂಡು ಬಂದ್ವಿ."

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. "ಸುಳ್ಳ ಅದ ರೀ! ಖರೇನ ಸುಳ್ಳು! ಆಕಿಗೆ ಒಂದು ಹೊಲಗಿ ಹಾಕ್ಲಿಕ್ಕೆ ಬರೂದಿಲ್ಲ. ಇವೆಲ್ಲಾ ನಾ ಪ್ರದರ್ಶನದಾಗ ಕೊಂಡಿದ್ದು!"

ವೆಂಕಣ್ಣ ನಕ್ಕುಬಿಟ್ಟ.

"ಏನ್ ಮಾಸ್ತರ! ನೀವು ಮಾರಿದ್ದು ಇಡೀ ಹುಬ್ಬಳ್ಳಿ ನೋಡ್ಯದ. ಕೊಂಡಿದ್ದು ಒಂದೂವರಿಗೆ ಮಾರ್ಲಿಕ್ಕೆ ನಿಮಗೇನು ಹುಚ್ಚೇನು?"

"ಬಾಬುಸಾಬನ್ನ ಕೇಳ್ರಿ ಬೇಕಾರ!"

"ಸಾಕ್ಷಿ ಕಲಿಸಿ ತರೂದು ನನಗ ಹೊಸದಲ್ಲ ಮಾಸ್ತರ" ಎಂದರು ವಕೀಲರು ಬೇಸರದಿಂದ.

"ಸೂಜಿ ಕೊಡ್ರಿ, ನಾನ ತೋರಸ್ತೀನಿ" ಎಂದಳು ರಜನಿ. ಗೌರಕ್ಕ ತಮ್ಮ ಚೀಲದಿಂದ ಸೂಜಿ ದಾರ ಕೊಟ್ಟರು. ರಜನಿ ಎಲ್ಲರ ಎದುರಿಗೆ ಕೂತು, ಎರಡು ಸಲ ಬೆರಳು ಚುಚ್ಚಿಕೊಂಡು, ಬೆವರಿಳಿಸಿಕೊಂಡು ಏನೋ ಒಂದನ್ನು ಮೂಡಿಸಿದಳು. ಅದು ತುಳಿಸಿಕೊಂಡ ಜಿರಲೆಯಂತಿತ್ತು.

ಗೌರಕ್ಕ ತಲೆ ಓರೆ ಮಾಡಿ ನೋಡಿದರು. "ಹೊಸಾ ನಮೂನಿ" ಎಂದರು.

"ಬರೂವ್ರಿಗೆ ಬರೂದಿಲ್ಲ ಅಂತ ತೋರ್ಸೂದು ಎಷ್ಟೊತ್ತಿನ ಕೆಲಸವಾ ತಂಗಿ" ಎಂದು ಕಾಶೀಬಾಯಿ ರಜನಿಯ ಗಲ್ಲ ಸವರಿದರು. "ಆದ್ರ ಇಷ್ಟು ಛಲೋ ವಿದ್ಯೆ, ನಮ್ಮ ಸಲುವಾಗಿ ಮುಚ್ಚಿಡಬ್ಯಾಡ. ನಿನ್ನ ಗುಣಕ್ಕ ಎಲ್ಲೆ ಹೋದ್ರೂ ಛಲೋ ಆಗ್ತದ."

ವಕೀಲರು ಕೋಲೂರಿಕೊಂಡು ಮೆಟ್ಟಿಲಿಳಿದರು. ಟಾಂಗಾದ ಗಂಟೆಯ ಸದ್ದು ಓಣಿಯ ಕೊನೆಯವರೆಗೂ ಕೇಳಿಸಿತು. ಗೋದಾಬಾಯಿಯವರು ಒಳಗೆ ಹೋಗಿ ಕಣ್ಣೊರೆಸಿಕೊಂಡರು. ಮಾಸ್ತರರು ಕಟ್ಟೆಯ ಮೇಲೆ ಕುಸಿದು ಕೂತರು. ಬಂದ ಮಂದಿಯೂ ಒಬ್ಬೊಬ್ಬರಾಗಿ, ತಂತಮ್ಮ ಚೌಕ ಮಡಿಸಿಕೊಂಡು ಜಾರಿದರು. ವೆಂಕಣ್ಣ ಮಾತ್ರ ಪಕ್ಕಕ್ಕೆ ಬಂದು ಕೂತು, ಮಾಸ್ತರರ ಹೆಗಲ ಮೇಲೆ ಕೈ ಹಾಕಿದ.

"ಹೋದ್ರ ಹೋಗ್ಲಿ ಬಿಡ್ರಿ. ಕಸೂತಿ ಬ್ಯಾಡ ಅನ್ನೂ ಮನಿತನ ಅದ್ಯಾತರ ಮನಿತನ! ನಾ ಇದ್ದೀನಿ. ಗದಗಿನಾಗ ನಮ್ಮ ಸೋದರತ್ತಿ ಇದ್ದಾಳ, ಆಕಿ ಮೊಮ್ಮಗಗ ಹೆಣ್ಣು ನೋಡ್ಲಿಕತ್ತಾರ. ಹಾಡು ಬ್ಯಾಡ, ಅಡಿಗಿ ಬ್ಯಾಡ, ರೊಕ್ಕಾನೂ ಬ್ಯಾಡ ಅಂತಾಳ ಮುದುಕಿ. ಕಸೂತಿ ಒಂದು ಬೇಕಂತ. ವಕೀಲ್ರು ಬರೂದು ತಿಳೀದ ಮಧ್ಯಾಹ್ನನ ತಾರು ಹೊಡದಿದ್ದೆ, ಉತ್ತರಾನೂ ಬಂದದ. ನಾಳೆ ಮುಂಜಾನೆ ಗಾಡಿಗೆ ಬರ್ತಾಳ."

ಮಾಸ್ತರರು ತಲೆ ಎತ್ತಿ ವೆಂಕಣ್ಣನ ಮುಖ ನೋಡಿದರು.

"ಹಾಕಿದ್ದು ತೋರ್ಸೂದು ಬ್ಯಾಡಂತ್ರಿ, ಮಂದಿ ಕೊಂಡು ತಂದು ಮೋಸ ಮಾಡ್ತಾರಂತ" ಎಂದು ವೆಂಕಣ್ಣ ದನಿ ತಗ್ಗಿಸಿದ. "ಮುದುಕಿ ಎಂಟು ದಿನ ನಿಮ್ಮ ಮನ್ಯಾಗ ಇದ್ದು, ರಜನಿನ್ನ ಎದುರಿಗೆ ಕೂಡಿಸಿಕೊಂಡು ಒಂದು ಸೀರಿಗೆ ಕಸೂತಿ ಹಾಕಿಸಿ ನೋಡಿ ಹೋಗ್ತಾಳಂತ."