ಮುಂದೆ ಒಂದೇ ಚಕ್ರ, ಹಲ್ಲು ಮೂವತ್ತು

ಕೆಲವರನ್ನು ಅದೃಷ್ಟ ಹುಡುಕಿಕೊಂಡು ಬರುತ್ತದೆ. ನನ್ನನ್ನು ನಗೆಪಾಟಲು ಹುಡುಕಿಕೊಂಡು ಬರುತ್ತದೆ, ಅದೂ ವರ್ಗವಾದ ಊರಿನ ವಿಳಾಸ ಕೇಳಿಕೊಂಡು. ಬ್ಯಾಂಕಿನವರು ನನ್ನನ್ನು ಬಾಗಲಕೋಟೆ ಕಡೆಯಿಂದ ನಾಸಿಕಕ್ಕೆ ಹಾಕಿದಾಗ, ಹೊಟ್ಟೆ ಕರಗಲಿ ಎಂದು ಗುಡ್ಡ ಹತ್ತುವ ಸೈಕಲ್ಲೊಂದನ್ನು ಕೊಂಡೆ. ಉಳಿದದ್ದೆಲ್ಲ ಅದರ ಹಿಂದೆಯೇ ಬಂತು.

೧. ಭಕ್ತಿ

ಆ ಸೈಕಲ್ಲಿಗೆ ಪೆಡಲಿನ ಹತ್ತಿರ ಹಲ್ಲಿನ ಚಕ್ರ ಮೂರು, ಹಿಂದಿನ ಗಾಲಿಗೆ ಎಂಟು. ಒಟ್ಟು ಇಪ್ಪತ್ತನಾಲ್ಕು ಗೇರು. ಲಾರಿಗೂ ಅಷ್ಟಿಲ್ಲವಲ್ಲ ಎಂದು ಬೀಗಿದ್ದೆ. ತ್ರ್ಯಂಬಕದ ದಾರಿಯಲ್ಲಿ ಒಂದು ಏರು ಬಂತು. ಎಡಗೈಯ ಗೇರು ಒತ್ತಿ ಚೈನನ್ನು ಮುಂದಿನ ನಡುಚಕ್ರದಿಂದ ಸಣ್ಣದಕ್ಕೆ ಇಳಿಸಹೋದೆ. ಅದು ಸಣ್ಣದನ್ನೂ ದಾಟಿ ಹೊರಗೆ ಬಿತ್ತು. ಪೆಡಲು ಸುಮ್ಮನೆ ತಿರುಗಿತು, ನಾನು ಕೈಕಾಲು ಚಾಚಿ ರಸ್ತೆಯ ಮೇಲೆ ಬೋರಲಾದೆ. ತಲೆ ಸರಿಯಾಗಿ ತ್ರ್ಯಂಬಕದ ದಿಕ್ಕಿಗಿತ್ತು.

ದರ್ಶನಕ್ಕೆ ನಡೆದು ಹೊರಟಿದ್ದ ಅಜ್ಜಿಯೊಬ್ಬಳು ಚಪ್ಪಲಿ ಬಿಟ್ಟು ನನಗೇ ಕೈಮುಗಿದಳು. "ಕಿತೀ ಭಕ್ತೀ" ಎಂದಳು. ಎಷ್ಟು ಭಕ್ತಿ ಅಂತ.

ಮನೆಗೆ ಬಂದದ್ದು ಉಳ್ಳಾಗಡ್ಡಿಯ ಟೆಂಪೋದಲ್ಲಿ. ಹೆಂಡತಿ ನನ್ನನ್ನೂ ಸೈಕಲ್ಲನ್ನೂ ನೋಡಿ ತೀರ್ಪು ಕೊಟ್ಟಳು: "ಇನ್ನ ಗುಡ್ಡ ಹತ್ತೂವಾಗ ನಡುವ ಕಾಲು ಊರಿದ್ರಿ ಅಂದ್ರ ಇದನ್ನ ಹಾಲಿನವಗ ಕೊಟ್ಟುಬಿಡ್ತೀನಿ. ಅಂವಾದ್ರೂ ದಿನಾ ಓಡಸ್ತಾನ."

೨. ಬೈ ಟೂ

ನಾಸಿಕ್ ರೋಡಿನಲ್ಲಿ ನಮ್ಮ ಸೀಮೆಯ ಗೆಳೆಯರೊಬ್ಬರಿದ್ದರು, ಕೇಂದ್ರ ಸರ್ಕಾರಿ ನೌಕರರು. ನಾನು ಏದುಸಿರು ಬಿಡುವ ಏರಿನಲ್ಲಿ ಅವರು ಹಾಡು ಗುನುಗುತ್ತ ದಾಟಿ ಹೋಗುತ್ತಿದ್ದರು. ಒಂದು ದಿನ ಚಹಾದಂಗಡಿಯಲ್ಲಿ ಗುಟ್ಟು ಕೇಳಿದೆ.

"ನಂದು ಒನ್ ಬೈ ಇಲೆವೆನ್ ಐತ್ರಿ," ಅಂದರು.

ನನಗೆ ಗೊತ್ತಿದ್ದ 'ಬೈ' ಒಂದೇ. ಬೈ ಟೂ ಅಂದರೆ ಒಂದು ಚಹಾ ಇಬ್ಬರಿಗೆ. "ಹನ್ನೊಂದು ಮಂದಿಗೆ ಒಂದ ಚಹಾ ಅಂದ್ರ, ನಾಲಿಗಿಗೆ ಹಚ್ಚಿಕೊಳ್ಳೂದೇನ್ರಿ?" ಅಂದೆ.

ಅವರು ನಕ್ಕು ಸೈಕಲ್ ತೋರಿಸಿದರು. ಮುಂದೆ ಒಂದೇ ಚಕ್ರ, ಹಿಂದೆ ಹನ್ನೊಂದು. ಎಡಗೈಗೆ ಗೇರೇ ಇಲ್ಲ. ಹಿಂದಿನ ದೊಡ್ಡ ಚಕ್ರ ಮಕ್ಕಳಿಗೆ ತಟ್ಟಿದ ಜೋಳದ ರೊಟ್ಟಿಯಷ್ಟಿತ್ತು. ಮುಂದಿನದರಲ್ಲಿ ಒಂದು ಹಲ್ಲು ದಪ್ಪ, ಪಕ್ಕದ್ದು ತೆಳು, ಚೈನು ಜಾರದಂತೆ ಕಚ್ಚಿ ಹಿಡಿಯಲು. ನಾನು ಚಹಾ ಆರುವವರೆಗೆ ಬಗ್ಗಿ ನೋಡುತ್ತಲೇ ಇದ್ದೆ. ಎರಡು ಚಕ್ರ ಕಿತ್ತು ಹಾಕಿದ ಮೇಲೆ ಸೈಕಲ್ಲು ಇನ್ನೂ ಚೆನ್ನಾಗಿ ಗುಡ್ಡ ಹತ್ತುತ್ತದೆಂದರೆ ಯಾರಿಗೆ ಬೆರಗಾಗುವುದಿಲ್ಲ?

"ಮೂರು ಮಂದಿ ಮ್ಯಾನೇಜರ್ ಇದ್ದ ಬ್ರಾಂಚು ನಡೀತದೇನ್ರಿ?" ಎಂದು ಗೆಳೆಯರು ತಿಳಿಸಿ ಹೇಳಿದರು.

"ನಮ್ಮಲ್ಲಿ ಒಬ್ಬರಿದ್ರೂ ನಡಿಯೂದಿಲ್ಲ," ಅಂದೆ.

೩. ಹಲ್ಲು

ನನ್ನ ಸೈಕಲ್ಲಿಗೂ ಹಿಂದೆ ಹನ್ನೊಂದು, ಮುಂದೆ ಒಂದೇ ಚಕ್ರ ಎಂದು ತೀರ್ಮಾನವಾಯಿತು. ಆ ಮುಂದಿನದಕ್ಕೆ ಹಲ್ಲು ಎಷ್ಟಿರಬೇಕು? ಮೂವತ್ತೆರಡಾದರೆ ಸಪಾಟು ರಸ್ತೆಯಲ್ಲಿ ಓಟ ಜೋರು. ಮೂವತ್ತಾದರೆ ಓಟ ಕಡಿಮೆ, ಆದರೆ ಘಾಟಿನಲ್ಲಿ ಮೊಣಕಾಲಿಗೆ ಸುಖ. ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಗೆಳೆಯರಿಗೆ ಫೋನು ಹಚ್ಚಿದೆ. ಸುತ್ತಲೂ ಮರಾಠಿ ಮಂದಿ, ಯಾರಿಗೆ ತಿಳಿಯುತ್ತದೆ ಎಂದು ದೊಡ್ಡ ದನಿಯಲ್ಲೇ ಕನ್ನಡ ಮಾತಾಡಿದೆ.

"ಮೂವತ್ತೆರಡು ಹಲ್ಲು ನನ್ನ ವಯಸ್ಸಿಗೆ ಜಡ ಆಗ್ತಾವ್ರಿ. ಹಳೇವೆಲ್ಲಾ ಕಿತ್ತಿಸಿ ಹೊಸಾವು ಮೂವತ್ತು ಕೂಡಿಸಿಬಿಡೂಣು. ಐತವಾರ ಮಿಸ್ತ್ರಿ ಪಾನಾ-ಸ್ಪ್ಯಾನರ್ ಹಿಡಕೊಂಡು ತಯಾರ್ ಇರ್ತಾನ."

ವಿಜಯಪುರದಿಂದ ಆ ವಾರವಷ್ಟೇ ವರ್ಗವಾಗಿ ಬಂದಿದ್ದ ಕ್ಯಾಶಿಯರು ಪಕ್ಕದಲ್ಲೇ ಕೂತಿದ್ದರು. ಅವರು ಊಟ ಬಿಟ್ಟು ಎದ್ದು ಹೋದದ್ದೇಕೆಂದು ನನಗೆ ಹೊಳೆಯಲಿಲ್ಲ.

ಸೋಮವಾರ ನನ್ನ ಮೇಜಿನ ಮೇಲೆ ಶಿರಾ, ಬಾಳೆಹಣ್ಣು, ಮೊಸರನ್ನ. ಮ್ಯಾನೇಜರ್ ಸಾಹೇಬರು ಎಂದೂ ಇಲ್ಲದ ಮೆತ್ತನೆ ದನಿಯಲ್ಲಿ "ದುಖತಂಯ್ ಕಾ?" ಎಂದರು. ಹಿಂದಿನ ದಿನ ಹೊಸ ಚಕ್ರ ಹಾಕಿಸಿ ಸವಾರಿ ಹೋಗಿದ್ದೆ, ತೊಡೆ ನೋಯುತ್ತಿತ್ತು. ನೋವಿದೆ ಸರ್, ಎರಡೂ ಕಡೆ, ಅಂದೆ. ಅವರು ಕಣ್ಣು ಮುಚ್ಚಿಕೊಂಡರು. ನಾನು ಕಕ್ಕಾಬಿಕ್ಕಿಯಾಗಿ ನಕ್ಕೆ.

ಕ್ಯಾಶಿಯರು ನನ್ನ ಬಾಯನ್ನೇ ಬಿಟ್ಟ ಕಣ್ಣಿನಿಂದ ನೋಡಿದರು. "ಪಾನಾದಿಂದ ಎಷ್ಟು ಚಂದ ಕೂಡಿಸ್ಯಾನ್ರೀ. ಥೇಟ್ ಖರೇ ಹಲ್ಲಿನಂಗ ಅದಾವ. ನಮ್ಮ ಅಪ್ಪಗೂ ಆ ಮಿಸ್ತ್ರಿ ಕಡೆನ ಕರಕೊಂಡು ಹೋಗ್ತೀನಿ."

೪. ಊರಿದ್ದು

ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿಗೆ ಆಗ ನಾವು ಔರಂಗಾಬಾದ್ ಅನ್ನುತ್ತಿದ್ದೆವು. ಅದರ ಹತ್ತಿರ ಮ್ಹೈಸಮಾಳದ ಘಾಟು. ಅಲ್ಲಿಗೆ ಗೆಳೆಯರೂ ನಾನೂ ಹೊರಟಾಗ ಹೆಂಡತಿ ಬಾಗಿಲಲ್ಲಿ ನಿಂತು, "ಕಾಲು," ಎಂದಷ್ಟೇ ನೆನಪಿಸಿದಳು.

ಏರು ಶುರುವಾಯಿತು. ಎಡಗೈ ಹೆಬ್ಬೆರಳು, ಇಲ್ಲದ ಗೇರನ್ನು ಹುಡುಕಿ ಹುಡುಕಿ ಸುಮ್ಮನಾಯಿತು. ಕಟಕಟ ಸದ್ದಿಲ್ಲ, ಚೈನು ಬೀಳುವ ಭಯವಿಲ್ಲ. ಹಿಂದಿನ ರೊಟ್ಟಿಗೆ ಚೈನು ಹತ್ತಿಸಿ, ಎತ್ತಿನ ನಡಿಗೆಯಲ್ಲಿ ತುಳಿದೆ. ತಿರುವಿನ ಮೇಲೆ ತಿರುವು ಬಂತು. ಕೆಳಗೆ ಹೊಲಗಳು ಕೌದಿಯ ತುಂಡುಗಳಾದವು. ಎದೆ ಬಡಿದುಕೊಳ್ಳುತ್ತಿತ್ತು, ಕಣ್ಣಲ್ಲಿ ಬೆವರಿನ ಜೊತೆ ನೀರೂ ಇತ್ತು. ಅಷ್ಟು ದೊಡ್ಡ ಗುಡ್ಡವನ್ನು, ಅಂಗೈಯಗಲದ ಒಂದು ಚಕ್ರ, ನನ್ನಂಥ ಕುರ್ಚಿ ಆಸಾಮಿಯನ್ನು ಹೊತ್ತು ಹತ್ತಿಬಿಟ್ಟಿತು.

ಮೇಲೆ ಗುಡಿಯ ಮುಂದೆ ಬಂದು, ನಾಲ್ಕೂ ದಿಕ್ಕು ನೋಡುತ್ತ ಮೈಮರೆತೆ. ಸೈಕಲ್ಲು ನಿಂತಿತು. ಊರಬಾರದೆಂದು ಅಷ್ಟು ಹೊತ್ತು ಗದರಿಸಿಕೊಂಡಿದ್ದ ಕಾಲು, ಊರಬೇಕಾದಾಗಲೂ ಊರಲಿಲ್ಲ. ಸೈಕಲ್ ಸಮೇತ ಪಕ್ಕಕ್ಕೆ ಮಗುಚಿದೆ.

ಬಿದ್ದಲ್ಲಿಂದಲೇ ಹೆಂಡತಿಗೆ ಫೋನು ಮಾಡಿದೆ. "ಮ್ಯಾಲೆ ಬಂದೆ. ದೇವರಾಣಿ, ಕಾಲು ಊರಿಲ್ಲ."

ಆಕೆಗೆ ನಂಬಿಕೆ ಬರಲಿಲ್ಲ. "ಅವರ ಕೈಯಾಗ ಫೋನ್ ಕೊಡ್ರಿ."

ಗೆಳೆಯರು ಸತ್ಯವಂತರು. "ಖರೇನ ಐತ್ರಿ ವೈನಿ. ಕಾಲು ಒಂದ ಬಿಟ್ಟು ಉಳಿದದ್ದೆಲ್ಲಾ ಊರ್ಯಾರ."

"ಅಯ್ಯ, ಬಿದ್ದಾರೇನು? ಹಲ್ಲು ಎಲ್ಲಾ ಅದಾವೋ ಇಲ್ಲೋ ನೋಡ್ರಿ ಮದ್ಲ."

ಗೆಳೆಯರು ನನ್ನನ್ನು ದಾಟಿ, ಸೈಕಲ್ಲಿನ ಹತ್ತಿರ ಕೂತು, ಹೊಸ ಚಕ್ರವನ್ನು ಒಂದು ಸುತ್ತು ತಿರುಗಿಸಿ ನೋಡಿದರು.

"ಮೂವತ್ತೂ ಗಟ್ಟಿ ಅದಾವ್ರಿ ವೈನಿ."

ಫೋನಿನೊಳಗಿಂದ ಆಕೆಯ ದನಿ ನನಗೂ ಕೇಳಿಸಿತು: "ಉಳದ ಎರಡು ಎಲ್ಲಿ ಬಿದ್ದಾವ, ಹುಡುಕ್ರಿ."