ಮಾವನವರ ಹಿಂದಿನ ಸೈಟು

ಗೊತ್ತಿಲ್ಲದ ಕೆಲಸವನ್ನು "ಅದೇನು ಮಹಾ, ಬಿಡಿ" ಎಂದು ಮೈಮೇಲೆ ಹಾಕಿಕೊಳ್ಳುವ ಚಪಲ ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ. ನನಗೆ ಅದು ಮದುವೆಯಾದ ಮೇಲೆ ಬಂತು. ಆಗ ನಾನು ಕೋರಮಂಡಲ್‌ನಲ್ಲಿ, ಚಿನ್ನದ ಗಣಿಯ ವರ್ಕ್‌ಶಾಪಿನ ಆಫೀಸಿನಲ್ಲಿ ಗುಮಾಸ್ತ. ಕಬ್ಬಿಣಕ್ಕೂ ನನಗೂ ಇದ್ದ ನಂಟೆಂದರೆ ಗುಂಡುಸೂಜಿಯದು ಮಾತ್ರ. ಆದರೆ ಕಾಮಸಮುದ್ರದ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ಮಾವನವರ ಲೆಕ್ಕದಲ್ಲಿ ವರ್ಕ್‌ಶಾಪಿನ ಅಳಿಯ ಎಂದರೆ ಇಂಜಿನ್ನನ್ನೇ ಬಿಚ್ಚಿ ಜೋಡಿಸುವವನು. ಈ ತಪ್ಪು ತಿಳಿವಳಿಕೆಯಿಂದ ಹಬ್ಬದ ದಿನ ನನ್ನೆಲೆಗೆ ಒಂದು ಹೋಳಿಗೆ ಹೆಚ್ಚೇ ಬೀಳುತ್ತಿತ್ತು. ಹಾಗಾಗಿ ನಾನದನ್ನು ತಿದ್ದಲು ಹೋಗಿರಲಿಲ್ಲ.

ಮಾವನವರ ಹತ್ತಿರ ಒಂದು ಹಳೆಯ ರೈಫಲ್ ಇತ್ತು. ದೇಶ ಬಿಟ್ಟು ಹೊರಟ ಗಣಿಯ ದೊರೆಯೊಬ್ಬ ಮಾರಿಹೋದದ್ದು. ಹುಲಿ ಚಿರತೆಗಳ ಶಿಕಾರಿಗೆಂದು ಹುಟ್ಟಿದ ಆ ಬಂದೂಕು ಮಾವನವರ ಕೈಗೆ ಬಂದು ಕಡಲೇಕಾಯಿ ಹೊಲಕ್ಕೆ ನುಗ್ಗುವ ಕಾಡುಹಂದಿಗಳನ್ನು ಅಟ್ಟುತ್ತಿತ್ತು. ಗುರಿ ಹಿಡಿಯುವಾಗ ಕಣ್ಣಿಗೆ ಹತ್ತಿರ ಬರುವ, ನಡುವೆ ಸಣ್ಣ ಕಚ್ಚು ಇರುವ ಕಬ್ಬಿಣದ ತುಂಡೊಂದು ನಳಿಗೆಯ ಮೇಲೆ ಇರುತ್ತದೆಯಲ್ಲ, ಅದು ಮುರಿದುಹೋಗಿತ್ತು. ನಮ್ಮ ವರ್ಕ್‌ಶಾಪಿನಲ್ಲಿ ಅದಕ್ಕೆ ಹಿಂದಿನ ಸೈಟು ಎನ್ನುತ್ತಾರೆ. ನಳಿಗೆಯ ತುದಿಯಲ್ಲಿರುವುದು ಮುಂದಿನ ಸೈಟು. ಹಂದಿಗಳಿಗೆ ಈ ಸಮಾಚಾರ ಹೇಗೆ ತಿಳಿಯಿತೋ, ಮರಿಮಕ್ಕಳ ಸಮೇತ ಬರತೊಡಗಿದವು. ಮಾವನವರು ನನ್ನ ಮುಖ ನೋಡಿದರು. "ಅದೇನು ಮಹಾ, ಬಿಡಿ ಮಾವ" ಎಂದೆ. ಮದರಾಸಿನ ಅಂಗಡಿಯೊಂದರಿಂದ ಹೊಸ ಸೈಟು ತರಿಸಿದೆ.

ಗ್ರಹಚಾರ ಕೆಟ್ಟದ್ದು ಬಂಗಾರಪೇಟೆ ಸ್ಟೇಷನ್ನಿನಲ್ಲಿ. ಮಾವನವರ ಊರಿನ ಚೌಡಪ್ಪ ಸಿಕ್ಕಿ, "ಏನ್ ಅಳಿಯಂದ್ರೇ, ಊರ್ ಕಡೆ ಬರಾದೇ ಇಲ್ವಲ್ಲ?" ಎಂದ. ರೈಲು ಸಿಳ್ಳೆ ಹಾಕಿಬಿಟ್ಟಿತ್ತು. ಹತ್ತುತ್ತಲೇ ಕೂಗಿದೆ: "ಭಾನುವಾರ ಬರ್ತೀನಪ್ಪ. ಮಾವನವರ ಹಿಂದಿನ ಸೈಟಿನ ಕೆಲಸ ಇದೆ. ಈ ಸಲ ಅದನ್ನ ಮುಗಿಸಿಯೇ ಬರೋದು!"

ಓದುಗರು ದಯವಿಟ್ಟು ಒಂದು ಗಳಿಗೆ ಚೌಡಪ್ಪನ ಜಾಗದಲ್ಲಿ ನಿಲ್ಲಬೇಕು. ನಮ್ಮ ಸೀಮೆಯಲ್ಲಿ ಸೈಟು ಎಂದರೆ ಮನೆ ಕಟ್ಟುವ ಜಾಗ. ಮಾವನವರ ಮನೆಯ ಹಿಂದೆ ಅಂಥದೊಂದು ಜಾಗವಿತ್ತು. ಒಂದು ಬಾವಿ, ಒಂದು ಹುಲ್ಲಿನ ಬಣವೆ, ಮಿಕ್ಕದ್ದು ಖಾಲಿ. ಮದುವೆ ಗೊತ್ತಾಗಿದ್ದ ನನ್ನ ಬಾಮೈದ ಮುನಿರಾಜು ಅಲ್ಲಿ ಮನೆ ಕಟ್ಟಬೇಕೆಂದು ಕಲ್ಲು ಹೊಡೆಸಿ ಹಾಕಿದ್ದ, ಊರಿಗೆಲ್ಲ ಅದನ್ನು "ನಮ್ ಇಂದಿನ್ ಸೈಟು" ಎಂದೇ ಹೇಳಿಕೊಂಡು ತಿರುಗುತ್ತಿದ್ದ. ಚೌಡಪ್ಪ ನನ್ನ ಮಾತನ್ನು ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ ತಲುಪಿಸಿದ. ಪಾಪ, ಅವನದೇನೂ ತಪ್ಪಿಲ್ಲ.

ಭಾನುವಾರ ನಾನೂ ನನ್ನ ಹೆಂಡತಿ ಸರೋಜಳೂ ಬಸ್ಸಿಳಿದೆವು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಅತ್ತೆಯವರು ನೀರಿನ ಚೊಂಬು ಇಟ್ಟು ಒಳಗೆ ಹೋದವರು ಕಾಫಿ ತರಲೇ ಇಲ್ಲ. ಅಳಿಯನಿಗೆ ಕಾಫಿ ಬರಲಿಲ್ಲವೆಂದರೆ ಮನೆಯಲ್ಲಿ ಏನೋ ಘಾತವಾಗಿದೆ ಎಂದೇ ಅರ್ಥ. ಅಂಗಳದಲ್ಲಿ ಮುನಿರಾಜು ತಲೆಯೆತ್ತದೆ ಮಚ್ಚು ಮಸೆಯುತ್ತಿದ್ದ. ಮಾವನವರು ಜಗಲಿಯ ಮೇಲೆ ರೈಫಲನ್ನು ತೊಡೆಗಡ್ಡಲಾಗಿ ಇಟ್ಟುಕೊಂಡು ಕೂತಿದ್ದರು. ನಾನು ದಡ್ಡ, ಚೀಲದಿಂದ ಸುತ್ತಿಗೆ, ಅರ, ಅಳತೆ ಟೇಪು ಒಂದೊಂದೇ ತೆಗೆದಿಟ್ಟೆ.

"ಊಟಕ್ಕೆ ಮುಂಚೆ ಆ ಹಿಂದಿನ ಸೈಟು ನೋಡಿಬಿಡೋಣ" ಎಂದೆ.

ಮಚ್ಚಿನ ಸದ್ದು ನಿಂತಿತು. "ನೋಡಾಕೇನೈತೆ ಬಾವ, ಅದ್ರಾಗೆ?"

"ಹಳೇದನ್ನ ಕಿತ್ತುಹಾಕಬೇಕಲ್ಲಪ್ಪ."

"ಯಾವುದ್ನ ಕಿತ್ತಾಕ್ತೀರಿ?"

"ಬಹಳ ಹೊತ್ತು ಬೇಡ ಮುನಿರಾಜು. ಬಲಗಡೆಯಿಂದ ನುಗ್ಗಿಸಿ ಕೂರಿಸಿಬಿಟ್ಟರೆ ಆಯ್ತು. ಆಮೇಲೆ ಯಾರಪ್ಪ ಬಂದರೂ ಅಲ್ಲಾಡಿಸೋಕಾಗಲ್ಲ."

ಮುನಿರಾಜು ಎದ್ದು ನಿಂತ. ಮಚ್ಚೂ ಅವನ ಜೊತೆಗೇ ಎದ್ದಿತು. "ನನ್ ಎಣ ಬೀಳ್ಬೇಕು ಬಾವ, ಅದಕ್ಕೆ!"

"ಲೇ, ಸುಮ್ಕಿರ್ಲಾ" ಎಂದರು ಮಾವನವರು. ಆಮೇಲೆ ನನ್ನ ಕಡೆ ತಿರುಗಿದರು. "ಅಳಿಯಂದ್ರೇ, ನಿಮ್ಗೆ ಬೇಕಿದ್ರೆ ನನ್ನ ಕೇಳ್ಬೇಕಿತ್ತು. ಅದ್ನ ರೈಲ್ ಟೇಸನ್ನಾಗೆ ಊರೋರ್ ಕುಟೆ ಏಳಾದಾ?"

ಅವರ ದನಿ ನಡುಗುತ್ತಿತ್ತು. ಬಂದೂಕು ಕೆಟ್ಟಿದ್ದನ್ನು ಊರಿಗೆ ಸಾರಿದೆನೆಂದು ಇಷ್ಟು ಸಂಕಟವೇ? ನನಗೆ ತಲೆಬುಡ ತಿಳಿಯಲಿಲ್ಲ. ನಿಜ ಹೇಳುತ್ತೇನೆ, ಮಚ್ಚಿಗಿಂತ, ರೈಫಲ್ಲಿಗಿಂತ, ಆ ಮುದುಕರ ಒದ್ದೆಯಾದ ಕಣ್ಣು ನನ್ನನ್ನು ಹೆಚ್ಚು ಹೆದರಿಸಿತು. ನನ್ನನ್ನು ಮಗನ ಹಾಗೆ ನೋಡಿಕೊಂಡಿದ್ದ ಮನೆ ಅದು.

ಮೊದಲು ಹೊಳೆದದ್ದು ಸರೋಜಳಿಗೆ. "ಅಪ್ಪಾ, ನೀನು ಯಾವ್ ಸೈಟು ಅನ್ಕೊಂಡೆ?" ಎಂದವಳೇ ನನ್ನತ್ತ ತಿರುಗಿ, "ಏನ್ರೀ, ಅದನ್ನ ಮೊದ್ಲು ಆಚೆ ತೆಗೀರಿ!" ಎಂದು ಗದರಿದಳು. ಜೇಬಿನಲ್ಲಿದ್ದ ಕರವಸ್ತ್ರದ ಗಂಟು ಬಿಚ್ಚಿದೆ. ಹೆಬ್ಬೆರಳಿನ ಉಗುರಿನಷ್ಟು ಕಬ್ಬಿಣ. "ಇದೇ ಮಾವ, ಸೈಟು."

ಎಲ್ಲರೂ ಅದನ್ನೇ ನೋಡಿದರು. ಒಳಗಿನಿಂದ ಅತ್ತೆಯವರ ನಗು ಕೇಳಿಸಿತು, ಅದರ ಹಿಂದೆಯೇ ಕಾಫಿ ಬಂತು. "ಇಷ್ಟೇನಾ ಬಾವ?" ಎಂದು ಮುನಿರಾಜು ಮಚ್ಚನ್ನು ಕೆಳಗಿಟ್ಟ.

ಆದರೆ ನನ್ನ ನಿಜವಾದ ಅಗ್ನಿಪರೀಕ್ಷೆ ಶುರುವಾದದ್ದು ಆಗ. ತೋಟಾ ಇಲ್ಲವೆಂದು ಮಾವನವರಿಂದ ಮತ್ತೆ ಮತ್ತೆ ಹೇಳಿಸಿಕೊಂಡು ರೈಫಲನ್ನು ಗೋಣಿಚೀಲದ ಮೇಲೆ ಮಲಗಿಸಿದೆ. "ಇತ್ತಾಳೆ ಕಡ್ಡಿ ಇಟ್ಟು ಮೆತ್ತಗೆ ತಟ್ಟಿ ಸಾರ್, ಅವಸರ ವೇಂಡಾ" ಎಂದಿದ್ದ ವರ್ಕ್‌ಶಾಪಿನ ತಮಿಳು ಫಿಟ್ಟರ್. ಹಳೆಯ ಮೊಂಡು ಹೊರಬಂತು. ಹೊಸದು ನಳಿಗೆಯ ಮೇಲಿನ ಕಚ್ಚಿನೊಳಗೆ ಹೋಗಲೊಲ್ಲದು. ಅರದಿಂದ ಒಂದೆಳೆ ಉಜ್ಜಿದೆ, ಇಟ್ಟು ನೋಡಿದೆ, ಮತ್ತೆ ಉಜ್ಜಿದೆ. ಒಂದು ಕೂದಲೆಳೆ ಹೆಚ್ಚಾದರೆ ಅದು ಸಡಿಲ, ಹಂದಿಗಳಿಗೆ ಸುಗ್ಗಿ, ವರ್ಕ್‌ಶಾಪಿನ ಅಳಿಯನ ಮಾನ ಮೂರುಕಾಸು. ಬೆವರು ಮೂಗಿನ ತುದಿಯಿಂದ ನಳಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಕೊನೆಗೆ ಬಲಗಡೆಯಿಂದ ತಟ್ಟಿ ತಟ್ಟಿ ಕೂರಿಸಿದೆ.

"ನೆಟ್ಟಗೈತಾ?" ಎಂದರು ಮಾವನವರು.

"ದಾರ ಹಿಡಿದ ಹಾಗಿದೆ" ಎಂದೆ.

ಮನೆಯಾಚೆಯ ದಿಬ್ಬದ ಬುಡದಲ್ಲಿ ಮುನಿರಾಜು ಹಳೆಯ ಮಡಕೆ ಇಟ್ಟು ಬಂದ. ಮಾವನವರು ಗುರಿ ಹಿಡಿದರು. ನಾನು ಉಸಿರು ಹಿಡಿದೆ. ಢಮ್! ಮಡಕೆ ಹಾಗೇ ಕೂತಿತ್ತು, ಅದರ ಎಡಕ್ಕೆ ಮಾರುದೂರದಲ್ಲಿ ಧೂಳೆದ್ದಿತು. ನಾನು ಸೈಟನ್ನು ಮತ್ತೆ ತಟ್ಟಿ ಸರಿಮಾಡಿದೆ. ಈ ಸಲ ಧೂಳು ಇನ್ನೂ ಎಡಕ್ಕೆ ಹೋಯಿತು. ಮಾವನವರು ರೈಫಲನ್ನು ತಿರುಗಿಸಿ ನೋಡಿ, "ಅಳಿಯಂದ್ರೇ, ಇದು ವಾರೆ ಐತಲ್ಲ!" ಎಂದರು. "ಇಲ್ಲ ಮಾವ, ನನಗೆ ನೆಟ್ಟಗೇ ಕಾಣುತ್ತೆ" ಎಂದೆ. ಅವರು ಸುತ್ತಿಗೆ ತೆಗೆದುಕೊಂಡು ತಾವೇ ಬಲಕ್ಕೆ ತಟ್ಟಿದರು. ಮುಂದಿನ ಗುಂಡಿಗೆ ಮಡಕೆ ಚೂರಾಯಿತು.

ಊಟವಾಗಿ ಎಲೆಯಡಿಕೆ ಹಾಕಿಕೊಳ್ಳುವಾಗ ಮಾವನವರು ಹತ್ತಿರ ಸರಿದು ಕೂತರು. "ಒಂದ್ ಮಾತು ಅಳಿಯಂದ್ರೇ. ಚೌಡಪ್ಪ ಏಳಿದ್ ಮ್ಯಾಲೆ ಭಾಳ ಯೋಚ್ನೆ ಮಾಡ್ದೆ. ಮಗ್ಳೂ ಮಗ್ಳೇ ಅಲ್ವಾ? ಬಾವಿಯಿಂದಾಚೆ ಅರ್ಧ ನಿಮ್ಗೇ ಬರ್ಕೊಟ್ಬುಡಾಣ ಅಂತ ಮನ್ಸು ಗಟ್ಟಿ ಮಾಡ್ಕೊಂಡಿದ್ದೆ. ಸದ್ಯ, ನಿಮ್ಗೆ ಅಂತಾ ಆಸೆ ಇಲ್ವಲ್ಲ! ದೊಡ್ ಮನ್ಸು ನಿಮ್ದು."

ಬಾಯಿಯ ಅಡಿಕೆ ಗಂಟಲಿಗಿಳಿಯಿತು. ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು, ನನ್ನ ಬಾಯಿಗೆ ರೂಢಿಯಾಗಿದ್ದ ಒಂದೇ ಮಾತನ್ನು ಆಡಿದೆ: "ಅದೇನು ಮಹಾ, ಬಿಡಿ ಮಾವ."

ಎಲ್ಲ ಕೇಳಿಸಿಕೊಂಡಿದ್ದ ಸರೋಜ ಬಸ್ಸಿನಲ್ಲಿ ಬಂಗಾರಪೇಟೆಯವರೆಗೂ ಕಿಟಕಿಯತ್ತಲೇ ಮುಖ ತಿರುಗಿಸಿಕೊಂಡು ಕೂತಿದ್ದಳು. ಮರುವಾರ ಮಾತ್ರ, ವಾರೆಯಾದದ್ದು ನೆಟ್ಟಗೆ ಕಾಣುವ ಗಂಡನನ್ನು ಹಾಗೇ ಬಿಡಬಾರದೆಂದು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ನನ್ನ ಮೂಗಿನ ಮೇಲೆ ಗಾಜುಗಳನ್ನು ಬದಲಾಯಿಸಿ ಬದಲಾಯಿಸಿ ನೋಡಿ, "ನಿಮಗೆ ಸೈಟು ಬಂದಿದೆ ಸ್ವಾಮಿ, ಕನ್ನಡಕ ಹಾಕಬೇಕು" ಎಂದರು.

"ಅಂತೂ ಬಂತಲ್ಲ" ಎಂದಳು ಸರೋಜ.